ಗಾಳಿಯಾಡಲಿ, ಗಾಳಿ ಹೊಡೆಯದಿರಲಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಅರ್ಧ ಜನ ನನಗಿಂತ ಹೆಚ್ಚು ಕೋಳಿ ಕಂಡವರು. ಹಾಗಾಗಿ ನಾನು ಸರಿಯಾಗಿ ಮಾಡಿದ್ದನ್ನು ಬಿಟ್ಟು, ಕೆಡಿಸಿದ್ದರಿಂದಲೇ ಮಾತು ಶುರು ಮಾಡುತ್ತೇನೆ.

ಕೋಳಿ ಸಾಕಲು ತೊಡಗಿದ ಮೊದಲ ಚಳಿಗಾಲ. ಗೂಡಿನಲ್ಲಿ 24 ಕೋಳಿ. ರಾತ್ರಿಯಿಡೀ ಗಾಳಿ ಸುಯ್ಯೆನ್ನುತ್ತಿತ್ತು. ಪಾಪ, ನಡುಗುತ್ತವಲ್ಲ ಅಂತ ಒಂದು ದಿನ ಪೂರ್ತಿ ಕೂತು ನಾಲ್ಕೂ ಕಡೆ ಪ್ಲಾಸ್ಟಿಕ್ ಹೊದಿಸಿದೆ. ಬಾಗಿಲ ಸಂದಿಗೆ ಹಳೇ ಬಟ್ಟೆ ತುರುಕಿದೆ. ಚಾವಣಿಯ ಶೀಟು ಗೋಡೆಯ ಮೇಲೆ ಕೂರುವಲ್ಲಿ ಅಲೆಯಲೆಯಾಗಿ ಸಂದು ಇರುತ್ತದಲ್ಲ, ಅದಕ್ಕೂ ಕಾಗದದ ಉಂಡೆ ಗಿಡಿದೆ. ಹಗಲಲ್ಲೂ ಕೋಳಿಗಳನ್ನು ಹೊರಗೆ ಬಿಡಲಿಲ್ಲ. ಅಷ್ಟು ಮುತುವರ್ಜಿ!

ಹತ್ತು ದಿನ ಕಳೆಯುವಷ್ಟರಲ್ಲಿ ಬೆಳಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಸುವ ಘಾಟು. ಶೀಟಿನಿಂದ ತೊಟತೊಟ ನೀರು. ನೆಲಕ್ಕೆ ಹರವಿದ್ದ ಹೊಟ್ಟು ಹೆಂಟೆಗಟ್ಟಿತ್ತು. ಎರಡು ಕೋಳಿಗಳ ಕಣ್ಣಲ್ಲಿ ನೊರೆ, ಇನ್ನೊಂದರ ಉಸಿರಲ್ಲಿ ಗೊರಗೊರ. ಹೊರಗೆ ಮಳೆ ಬಿದ್ದು ತಿಂಗಳ ಮೇಲಾಗಿತ್ತು. ಹಾಗಾದರೆ ನೀರು ಎಲ್ಲಿಂದ ಬಂತು?

ಕೋಳಿಗಳಿಂದಲೇ ಬಂತು. ಮೊಟ್ಟೆಯಿಡುವ ಕೋಳಿ ದಿನಕ್ಕೆ ಸುಮಾರು 200ರಿಂದ 250 ಮಿಲಿಲೀಟರ್ ನೀರು ಕುಡಿಯುತ್ತದೆ. 24 ಕೋಳಿಗೆ ಲೆಕ್ಕ ಹಾಕಿದರೆ ಐದಾರು ಲೀಟರ್. ಅದರಲ್ಲಿ ಸ್ವಲ್ಪ ಮೊಟ್ಟೆಯೊಳಗೆ ಸೇರುತ್ತದೆ. ಉಳಿದದ್ದೆಲ್ಲ ಉಸಿರಾಗಿ, ಹಿಕ್ಕೆಯಾಗಿ ಗೂಡಿಗೇ ವಾಪಸು. ದಿನಾ ಅರ್ಧ ಬಕೆಟ್ ನೀರನ್ನು ಗೂಡಿನೊಳಗೆ ಚೆಲ್ಲಿ, ಆರಿಹೋಗದಂತೆ ಬಾಗಿಲು ಜಡಿದುಕೊಂಡ ಹಾಗಾಯಿತು ನನ್ನ ಕೆಲಸ.

ಘಾಟಿನ ಮೂಲವೂ ಅದೇ ಒದ್ದೆ. ಹಿಕ್ಕೆಯ ಬಿಳಿ ಭಾಗ ಯೂರಿಕ್ ಆಮ್ಲ. ಒಣಗಿದ್ದರೆ ಅದು ತೆಪ್ಪಗೆ ಬಿದ್ದಿರುತ್ತದೆ. ಒದ್ದೆಯಾಗಿ ಬೆಚ್ಚಗಾದರೆ ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯ ಮಾಡಿಬಿಡುತ್ತವೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಮೋನಿಯ 25 ಭಾಗ ದಾಟಬಾರದು ಎನ್ನುವುದು ಸಾಮಾನ್ಯವಾಗಿ ಒಪ್ಪಿರುವ ಮಿತಿ. ನಮ್ಮ ಮೂಗಿಗೆ ಘಾಟು ಚೆನ್ನಾಗಿ ಗೊತ್ತಾಗುವ ಹೊತ್ತಿಗೆ ಆ ಮಿತಿಯ ಆಸುಪಾಸಿಗೆ ಬಂದಿರುತ್ತೇವೆ. ಐದು ನಿಮಿಷ ಒಳಗಿದ್ದರೆ ಮೂಗು ಅದಕ್ಕೆ ಒಗ್ಗಿಕೊಳ್ಳುತ್ತದೆ, ಹಾಗಾಗಿ ನಂಬಬೇಕಾದ್ದು ಬೆಳಗಿನ ಮೊದಲ ಉಸಿರನ್ನು ಮಾತ್ರ. ಅದೂ ಕುಕ್ಕರುಗಾಲಲ್ಲಿ ಕೂತು, ಕೋಳಿಯ ಮೂಗಿರುವ ಎತ್ತರದಲ್ಲಿ. ಶ್ವಾಸನಾಳದ ಒಳಗೆ ಧೂಳನ್ನೂ ರೋಗಾಣುಗಳನ್ನೂ ಗುಡಿಸಿ ಹೊರಹಾಕುವ ಸೂಕ್ಷ್ಮ ರೋಮಗಳಿವೆ. ಅಮೋನಿಯ ಮೊದಲು ಕೆಡಿಸುವುದು ಅವನ್ನೇ. ‘ಚಳಿಗಾಳಿ ತಗುಲಿ ಕೋಳಿಗೆ ಶೀತವಾಯಿತು’ ಅಂತ ಇನ್ನಷ್ಟು ಬಿಗಿಯಾಗಿ ಮುಚ್ಚುತ್ತೇವೆ ನೋಡಿ, ಎಷ್ಟೋ ಸಲ ಶೀತ ತಂದದ್ದೇ ಆ ಮುಚ್ಚಿಗೆ.

ಹಾಗಾದರೆ ಚಳಿ ಲೆಕ್ಕಕ್ಕೇ ಇಲ್ಲವೆ? ಪುಕ್ಕ ತುಂಬಿದ ದೊಡ್ಡ ಕೋಳಿಗೆ ಒಣ ಚಳಿ ಅಷ್ಟೇನೂ ದೊಡ್ಡ ವಿಷಯವಲ್ಲ. ಅದರ ಮೈ ಬಿಸಿ 41–42 ಡಿಗ್ರಿ ಸೆಲ್ಸಿಯಸ್. ಎರಡು ಕಿಲೋ ತೂಗುವ ಕೋಳಿ ಹೆಚ್ಚುಕಡಿಮೆ 10 ವ್ಯಾಟ್ ಶಾಖ ಬಿಡುತ್ತಲೇ ಇರುತ್ತದೆ. ಹತ್ತು ಕೋಳಿ ಸೇರಿದರೆ ಹಳೇ ಕಾಲದ ಒಂದು ನೂರು ವ್ಯಾಟಿನ ಬಲ್ಬು. ಪುಕ್ಕ ಉಬ್ಬಿಸಿಕೊಂಡು ಕೂತಾಗ ಗರಿಗಳ ನಡುವೆ ಅಲುಗದೆ ನಿಂತ ಗಾಳಿಯೇ ಅದರ ಕಂಬಳಿ. ಸಂದಿಯಿಂದ ಸೀಳಿಕೊಂಡು ಬರುವ ಗಾಳಿ ಗರಿ ಬಿಡಿಸಿ ಆ ಕಂಬಳಿಯನ್ನೇ ಕಿತ್ತುಕೊಂಡು ಹೋಗುತ್ತದೆ. ಕೋಳಿ ಮೈ ಕಾಯಿಸಿಕೊಳ್ಳಲು ಮೇವನ್ನೆಲ್ಲ ಸುಡುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ.

ಕನ್ನಡದಲ್ಲಿ ಎರಡು ಮಾತಿವೆ. ‘ಮನೇಲಿ ಚೆನ್ನಾಗಿ ಗಾಳಿಯಾಡುತ್ತೆ’ ಅಂತ ಮೆಚ್ಚಿ ಹೇಳುತ್ತೇವೆ. ‘ಗಾಳಿ ಹೊಡೀತಿದೆ, ಬಾಗಿಲು ಹಾಕು’ ಅಂತ ಬೈದು ಹೇಳುತ್ತೇವೆ. ಗಾಳಿ ಅದೇ. ಅದು ಮೈಗೆ ತಾಕುವ ಜಾಗ, ತಾಕುವ ವೇಗ ಬೇರೆ. ಆ ಜಾಗವನ್ನು ಗುರುತಿಸಲು ಸೀಮೆಸುಣ್ಣ ತೆಗೆದುಕೊಂಡು ಗೂಡಿನೊಳಗೆ ಹೋಗಿ. ರಾತ್ರಿ ಕೋಳಿ ಅಡ್ಡಗೋಲಿನ ಮೇಲೆ ಕೂತಾಗ ತಲೆ ಎಲ್ಲಿಗೆ ಬರುತ್ತದೆ? ಅದಕ್ಕಿಂತ ಒಂದು ಗೇಣು ಮೇಲೆ ಗೋಡೆಯ ಸುತ್ತ ಗೆರೆ ಎಳೆಯಿರಿ. ಗೆರೆಯ ಕೆಳಗಿನ ಸಂದು, ಬಿರುಕು, ಬಾಗಿಲಡಿಯ ಕಿಂಡಿ ಎಲ್ಲ ಮುಚ್ಚಬೇಕು. ಗೆರೆಯ ಮೇಲಿನದು ತೆರೆದಿರಬೇಕು. ಬೆಚ್ಚನೆಯ, ತೇವ ತುಂಬಿದ ಗಾಳಿ ತಾನಾಗಿ ಮೇಲೇರಿ ಅಲ್ಲಿಂದ ಹೊರಟುಹೋಗುತ್ತದೆ. ನಾನು ಕಾಗದದ ಉಂಡೆ ಗಿಡಿದ ಶೀಟಿನ ಸಂದುಗಳಿವೆಯಲ್ಲ, ಇಡೀ ಗೂಡಿನಲ್ಲಿ ಮುಚ್ಚಬಾರದಿದ್ದ ಜಾಗ ಅದೊಂದೇ! ಹಾವು, ಇಲಿ ನುಗ್ಗದಂತೆ ಅಲ್ಲಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆದರೆ ಸಾಕು. ಬಿರುಗಾಳಿಯ ರಾತ್ರಿ ಗಾಳಿ ಬರುವ ದಿಕ್ಕಿನ ಸಂದನ್ನು ಮುಚ್ಚಿ, ಮರೆಯ ದಿಕ್ಕಿನದನ್ನು ಹಾಗೇ ಬಿಡಿ.

ಈಗ ಪರದೆಯ ವಿಷಯ. ಇದರಲ್ಲಿ ಆಗುವಷ್ಟು ತಪ್ಪು ಇನ್ನೆಲ್ಲೂ ಆಗುವುದಿಲ್ಲ. ಗೋಣಿಯನ್ನೋ ಟಾರ್ಪಾಲನ್ನೋ ಮೇಲಿನ ತೊಲೆಗೆ ಕಟ್ಟಿ ಇಳಿಬಿಡುತ್ತೇವೆ. ಬೆಳಗ್ಗೆ ಚಾಪೆ ಸುತ್ತಿದಂತೆ ಮೇಲಕ್ಕೆ ಸುತ್ತುತ್ತೇವೆ. ಅರ್ಧ ಸುತ್ತಿದರೆ ತೆರೆದುಕೊಳ್ಳುವುದು ಯಾವ ಭಾಗ? ಕೆಳಭಾಗ. ಚಳಿ ನೇರ ಕೋಳಿಯ ಕಾಲಿಗೆ, ತೇವ ಮಾತ್ರ ಮೇಲೆ ಸಿಕ್ಕಿಕೊಂಡು ಅಲ್ಲೇ. ಅದನ್ನು ತಲೆಕೆಳಗು ಮಾಡಿ. ಪರದೆಯ ಕೆಳ ಅಂಚನ್ನು ಗಿಡ್ಡಗೋಡೆಗೆ ಪಟ್ಟಿ ಕೊಟ್ಟು ಬಿಗಿಯಿರಿ, ಮೇಲಂಚಿಗೆ ಹಗ್ಗ ಕಟ್ಟಿ ತೊಲೆಯ ರಾಟೆಯ ಮೂಲಕ ಎಳೆಯಿರಿ. ಆಗ ಎಷ್ಟೇ ಸಡಿಲಿಸಿದರೂ ಮೊದಲು ತೆರೆಯುವುದು ಮೇಲ್ಭಾಗ. ಕಿಟಕಿಗೂ ಇದೇ ಉಪಾಯ. ಕೀಲನ್ನು ಕೆಳ ಚೌಕಟ್ಟಿಗೆ ಕೂರಿಸಿ, ಕದ ಒಳಕ್ಕೆ ವಾಲುವ ಹಾಗೆ ಮಾಡಿದರೆ ಬರುವ ಗಾಳಿ ಕದಕ್ಕೆ ತಾಗಿ ಮೇಲಕ್ಕೆ ಚಿಮ್ಮುತ್ತದೆ. ಕದದ ಎರಡು ಪಕ್ಕಕ್ಕೂ ಮುಕ್ಕೋನದ ಹಲಗೆ ಹೊಡೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಗಾಳಿ ಅಲ್ಲಿಂದ ನುಸುಳುತ್ತದೆ.

ಇನ್ನೊಂದು ವಿಚಿತ್ರ ಹೇಳಬೇಕು. ಮೂರು ಗೋಡೆ ಚೂರೂ ಸಂದಿಲ್ಲದಂತೆ ಬಿಗಿಯಾಗಿದ್ದು, ನಾಲ್ಕನೆಯದು ಪೂರ್ತಿ ಬರೀ ಜಾಲರಿಯಾಗಿದ್ದರೆ ಆ ಗೂಡಿನ ಹಿಂಭಾಗದಲ್ಲಿ ಗಾಳಿ ಹೊಡೆಯುವುದೇ ಇಲ್ಲ ಎನ್ನಬಹುದು. ಹಿಂದೆ ಹೊರಹೋಗಲು ದಾರಿಯಿಲ್ಲದ ಗಾಳಿ ಮುಂದಿನಿಂದ ರಭಸವಾಗಿ ನುಗ್ಗಲಾರದು. ಹಿಮ ಬೀಳುವ ಕಡೆಗಳಲ್ಲೂ ಇಂಥ ಮುಂಬದಿ ತೆರೆದ ಕೋಳಿಮನೆ ಕಟ್ಟಿದ್ದಾರೆ. ಗೂಡು ಸಾಕಷ್ಟು ಆಳವಾಗಿದ್ದು, ಕೂರುವ ಕೋಲು ಹಿಂದಿನ ಗೋಡೆಯ ಬಳಿ ಇರಬೇಕು, ತೆರೆದ ಮುಖ ಬಿರುಗಾಳಿಯ ದಿಕ್ಕಿಗೆ ಇರಬಾರದು. ಆದರೆ ಹಿಂದಿನ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟರೂ ಸಾಕು, ಕೊಳವೆಯಲ್ಲಿ ಊದಿದ ಹಾಗೆ ಕೋಳಿಯ ಬೆನ್ನಿಗೆ ಗಾಳಿ ಬೀಸುತ್ತದೆ.

ಗೂಡಿನ ಹೊರಗೆ ಗಾಳಿ ತಡೆಯಲು ಗಟ್ಟಿ ತಗಡಿನ ಬೇಲಿ ನಿಲ್ಲಿಸುವವರಿದ್ದಾರೆ. ಗಾಳಿ ಅದನ್ನು ಹಾರಿ ಆಚೆ ಸುಳಿ ಸುತ್ತುತ್ತದೆ. ಅರ್ಧ ಗಾಳಿ ಬಿಟ್ಟು ಅರ್ಧ ತಡೆಯುವ ನೆರಳು ಬಲೆಯೋ ಪೊದೆಬೇಲಿಯೋ ಅದಕ್ಕಿಂತ ಮೇಲು.

ಬೆಳಕಿಗೆ ಬರೋಣ. ಗಾಳಿ ಬರುವ ದಾರಿಯಲ್ಲೇ ಬೆಳಕೂ ಬರಬೇಕು ಅನ್ನುವ ಲೆಕ್ಕಾಚಾರವೇ ನಮ್ಮನ್ನು ಕತ್ತಲೆಗೆ ತಳ್ಳುವುದು. ಗಾಳಿಗೆ ಜಾಲರಿ ಮೇಲಿರಲಿ. ಬೆಳಕಿಗೆ ಪಾರದರ್ಶಕ ಶೀಟು ಗೆರೆಯ ಕೆಳಗೂ ಬರಬಹುದು, ಅಲುಗದಂತೆ ಕೂರಿಸಿದರಾಯಿತು. ನೆಲದ ಮೇಲೆ ಬೆಳಕು ಬಿದ್ದರೆ ಕೋಳಿ ಕೆದಕುತ್ತದೆ, ಕೆದಕಿದರೆ ಹೊಟ್ಟು ತಿರುವಿ ಒಣಗುತ್ತದೆ. ಹೀಗೆ ಬೆಳಕು ತೇವವನ್ನೂ ಓಡಿಸುತ್ತದೆ. ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ 14ರಿಂದ 16 ತಾಸು ಬೆಳಕು ಬೇಕು. ಬೆಳಕು ತಲೆಬುರುಡೆಯನ್ನು ಹಾದು ಮಿದುಳಿಗೇ ಮುಟ್ಟಿ ಮೊಟ್ಟೆಯ ಚಕ್ರವನ್ನು ತಿರುಗಿಸುತ್ತದೆ ಎಂದರೆ ಈಗಲೂ ನನಗೆ ಅಚ್ಚರಿ. ಅಂದಹಾಗೆ, ಶೀಟು ಹಾಕಿ ಮರೆತುಬಿಡಬೇಡಿ. ಕೋಳಿಮನೆಯ ಧೂಳು ಕೆಲವೇ ವಾರದಲ್ಲಿ ಅದನ್ನು ಗೋಡೆ ಮಾಡಿಬಿಡುತ್ತದೆ, ಆಗಾಗ ಒರೆಸುತ್ತಿರಿ.

ಮುಚ್ಚಲು ಏನು ಬಳಸಬೇಕು? ಹಲಗೆ ಪಟ್ಟಿ, ಗಾರೆ, ಏನಾದರೂ ಆದೀತು. ಥರ್ಮಾಕೋಲ್ ಮಾತ್ರ ಕೊಕ್ಕಿಗೆ ಸಿಗುವಲ್ಲಿ ಬೇಡ, ಒಂದೇ ವಾರದಲ್ಲಿ ಕುಕ್ಕಿ ತಿಂದು ಮುಗಿಸುತ್ತವೆ. ರಟ್ಟು, ಮಡಿಸಿದ ಗೋಣಿ ತುರುಕಿದರೆ ರಾತ್ರಿ ರಕ್ತ ಹೀರುವ ಕೆಂಪು ನುಸಿಗೆ ಹಗಲಲ್ಲಿ ಅಡಗಲು ಮನೆ ಕಟ್ಟಿಕೊಟ್ಟಂತೆ. ಹಲಗೆಯನ್ನು ಮಾತ್ರ ಬೇಸಿಗೆಯಲ್ಲಿ ಬಿಚ್ಚಲು ಬರುವಂತೆ ಸ್ಕ್ರೂ ಹಾಕಿ ಕೂರಿಸಿ. ಕೋಳಿಗೆ ಬೆವರು ಗ್ರಂಥಿಯಿಲ್ಲ. ಬೇಸಿಗೆಯಲ್ಲಿ ಬಾಯಿ ತೆರೆದು ತೇಕುವಾಗ ಮೈಗೆ ಗಾಳಿ ಹೊಡೆಯುವುದೇ ಬೇಕಾಗುತ್ತದೆ. ಆಗ ಕೆಳಗಿನದನ್ನೆಲ್ಲ ಬಿಚ್ಚಬೇಕು.

ಮರಿಗಳ ಲೆಕ್ಕ ಬೇರೆಯೇ. ಅವಕ್ಕಿನ್ನೂ ಕಂಬಳಿ ಬಂದಿಲ್ಲ. ಮೊದಲ ವಾರ 32ರಿಂದ 35 ಡಿಗ್ರಿ ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ನಮ್ಮ ಕೆನ್ನೆಗೆ ಗೊತ್ತೇ ಆಗದಷ್ಟು ಮೆಲ್ಲನೆಯ ಗಾಳಿಯೂ, ಸೆಕೆಂಡಿಗೆ 0.15 ಮೀಟರ್ ದಾಟಿದರೆ, ಮೊದಲ ದಿನಗಳ ಮರಿಗೆ ಚಳಿ ಹಿಡಿಸುತ್ತದೆ. ಮರಿಗಳೇ ಹೇಳುತ್ತವೆ, ನೋಡಿ: ಕಾವು ಕೊಡುವ ದೀಪದಡಿ ಗುಡ್ಡೆಯಾದರೆ ಕಾವು ಸಾಲದು, ಸುತ್ತ ಅಂಚಿಗೆ ಸರಿದರೆ ಕಾವು ಹೆಚ್ಚು, ಎಲ್ಲವೂ ಒಂದೇ ಪಕ್ಕಕ್ಕೆ ಒತ್ತಿಕೊಂಡರೆ ಎದುರು ಪಕ್ಕದಿಂದ ಗಾಳಿ ಹೊಡೆಯುತ್ತಿದೆ. ಸುತ್ತ ಒಂದೂವರೆ ಅಡಿ ಎತ್ತರದ ರಟ್ಟಿನ ಅಥವಾ ತಗಡಿನ ಬಳೆ ನಿಲ್ಲಿಸಿ. ಮೂಲೆ ಇರಬಾರದು, ಮೂಲೆಯಲ್ಲಿ ಒಂದರ ಮೇಲೊಂದು ಏರಿ ಅಡಿಯವು ಉಸಿರುಗಟ್ಟಿ ಸಾಯುತ್ತವೆ.

ಮಾತು ಇಷ್ಟು ಸಾಕು. ಹಿತ್ತಲಲ್ಲಿ ಒಂದು ಗೂಡಿದೆ, ನಾನು ಒಂದು ಕಟ್ಟು ಊದುಬತ್ತಿ ತಂದಿದ್ದೇನೆ. ಅಡ್ಡಗೋಲಿನ ಎತ್ತರಕ್ಕೆ ಹಚ್ಚಿದ ಬತ್ತಿ ಹಿಡಿದು ಹೊಗೆ ನೋಡೋಣ: ನೆಟ್ಟಗೆ ಏರಿ ಮಾಡಿನ ಸಂದಿಯಲ್ಲಿ ಕರಗುತ್ತದೋ, ಅಡ್ಡಕ್ಕೆ ಮುರಿದು ಓಡುತ್ತದೋ ಅಂತ. ಕೆಳಗೆ ಒಣ ಹೊಟ್ಟಿದೆ, ಕಿಡಿ ಬೀಳದಂತೆ ಒಬ್ಬರು ಬತ್ತಿಯ ಕೆಳಗೆ ನೀರಿನ ಬೋಗುಣಿ ಹಿಡಿದುಕೊಳ್ಳಿ. ಕೋಳಿಗಳು ಕೋಲು ಹತ್ತುವ ಮೊದಲೇ ಹೋಗೋಣ, ಬನ್ನಿ.