ಮೊದ್ಲು ವೈರ್ ಚುಚ್ರಪ್ಪಾ!

ನಿನ್ನೆ ಒಂದು ಕಮೆಂಟ್ ಬಂತು. "ಅಣ್ಣಾ, 300 ಎಂಬಿಪಿಎಸ್ ಪ್ಲಾನ್ ಇದೆ, ಆದ್ರೂ ಪಿಎಸ್4 ಗೇಮ್ ಕನ್ಸೋಲಲ್ಲಿ ಸಿಕ್ಕಾಪಟ್ಟೆ ಲ್ಯಾಗು, ಆಟ ತಡವರಿಸುತ್ತೆ. ಯಾವ ಡಿಎನ್‌ಎಸ್ ಹಾಕ್ಲಿ?" ರೂಟರ್ ಎಲ್ಲಿದೆ ತಮ್ಮಾ ಅಂದೆ. ಹಾಲ್‌ನಲ್ಲಂತೆ. ಕನ್ಸೋಲು? ಬೆಡ್‌ರೂಮಲ್ಲಿ. ಮಧ್ಯೆ ಎರಡು ಗೋಡೆ, ಒಂದು ಕಬ್ಬಿಣದ ಬೀರು. ಇವ್ನಿಗೆ ಡಿಎನ್‌ಎಸ್ ಬೇಕಂತೆ!

ಡಿಎನ್‌ಎಸ್ ಮಾಡೋದು ಇಷ್ಟೇ: ಸರ್ವರ್ ಹೆಸರು ಹೇಳಿದ್ರೆ ಅದರ ಐಪಿ ವಿಳಾಸ ಕೊಡುತ್ತೆ. ಸೈನ್ ಇನ್ನೇ ಆಗ್ತಿಲ್ಲ, ಡಿಎನ್‌ಎಸ್ ಎರರ್ ಅಂತ ಬರ್ತಿದೆ ಅಂದ್ರೆ ಗೂಗಲ್‌ನ ಡಿಎನ್‌ಎಸ್ 8.8.8.8 ಹಾಕಿ ನೋಡು, ಬೇಡ ಅನ್ನಲ್ಲ. ಆದ್ರೆ ಮ್ಯಾಚ್ ನಡುವೆ ಎಗರಾಡೋ ಪಿಂಗಿಗೂ (ಡೇಟಾ ಸರ್ವರಿಗೆ ಹೋಗಿ ಬರೋಕೆ ಹಿಡಿಯೋ ಹೊತ್ತು) ಅದಕ್ಕೂ ಏನು ಸಂಬಂಧ? ವಿಳಾಸದ ಚೀಟಿ ಬದಲಾಯಿಸಿದ್ರೆ ರಸ್ತೆ ಗುಂಡಿ ಮುಚ್ಚುತ್ತಾ? ರೂಟರಿಂದ ಕನ್ಸೋಲಿಗೆ ಲ್ಯಾನ್ ಕೇಬಲ್ ಹಾಕು!

"ಸ್ಪೀಡ್ ಟೆಸ್ಟಲ್ಲಿ 300 ಬರುತ್ತಲ್ಲಣ್ಣಾ?" ಬರ್ಲಿ, ಫ್ರೇಮ್ ಹಾಕಿಸ್ಕೋ. ಅಷ್ಟು ಸ್ಪೀಡು ಗೇಮ್ ಡೌನ್‌ಲೋಡಿಗೆ ಬೇಕು. ಆಡೋಕೆ ಹೆಚ್ಚಿನ ಗೇಮುಗಳು ಸೆಕೆಂಡಿಗೆ ಒಂದು ಮೆಗಾಬಿಟ್ಟೂ ತಿನ್ನಲ್ಲ. ಬೇಕಿರೋದು ಡೇಟಾ ಪ್ಯಾಕೆಟ್ ಕಳೆದುಹೋಗದೆ, ಹೊತ್ತಿಗೆ ಸರಿಯಾಗಿ ತಲುಪೋದು. 2013ರ ಮೊದಲ ಪಿಎಸ್4 ಇದ್ರಂತೂ ಅದಕ್ಕೆ ಗೊತ್ತಿರೋದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ. ಪಕ್ಕದ್ಮನೆ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ನು, ಎಲ್ಲಾ ಅಲ್ಲೇ ಜಗಳ ಆಡ್ತಿರ್ತವೆ. 5 ಗಿಗಾಹರ್ಟ್ಸಲ್ಲಿ ಗಲಾಟೆ ಕಮ್ಮಿ, ಆದ್ರೆ ಗೋಡೆ ಕಂಡ್ರೆ ಅದಕ್ಕೆ ಜೀವ ಹೋಗುತ್ತೆ. ಕೇಬಲ್ಲಿಗೆ ಗೋಡೆನೂ ಇಲ್ಲ, ಓವನ್ನೂ ಇಲ್ಲ. ಕ್ಯಾಟ್ 5ಇ ದರ್ಜೆ ಕೇಬಲ್ ಸಾಕು ಮಾರಾಯಾ, 100 ಮೀಟರ್‌ವರೆಗೂ ಸೆಕೆಂಡಿಗೆ ಒಂದು ಗಿಗಾಬಿಟ್ ಹೊರುತ್ತೆ. ನಿನ್ನ ಬೆಡ್‌ರೂಮ್ 100 ಮೀಟರ್ ದೂರ ಇದ್ಯಾ? ಇದ್ರೆ ನೀನ್ಯಾಕಪ್ಪಾ ಪಿಎಸ್4 ಆಡ್ತಿದ್ದೀಯ, ಅರಮನೆ ನೋಡ್ಕೋ ಹೋಗು.

ಅಂದ್ಹಾಗೆ ಸಬ್‌ಸ್ಕ್ರೈಬ್ ಆಗಿಲ್ವಾ? ಆಗ್ಬಿಡಿ. ವೈಫೈಲಿದ್ರೆ ಎರಡು ಸಲ ಒತ್ತಿ, ಒಂದಾದ್ರೂ ತಲುಪುತ್ತೆ. ಅಯ್ಯೋ ಬೇಡ, ಎರಡೂ ತಲುಪಿದ್ರೆ ಅನ್‌ಸಬ್‌ಸ್ಕ್ರೈಬ್ ಆಗ್ಬಿಡುತ್ತೆ.

ಈಗ ಪಂಡಿತರು ಬರ್ತಾರೆ: "ನ್ಯಾಟ್ ಟೈಪ್ 3 ಇದ್ರೆ ಕೇಬಲ್ ಏನ್ ಮಾಡುತ್ತೆ?" ಏನೂ ಮಾಡಲ್ಲ. ನ್ಯಾಟ್ ಅಂದ್ರೆ ಮನೆ ಸಾಧನಗಳೆಲ್ಲಾ ಒಂದೇ ಐಪಿ ಹಂಚ್ಕೊಳ್ಳೋ ವ್ಯವಸ್ಥೆ; ಟೈಪ್ 3 ಅಂದ್ರೆ ಬೇರೆ ಆಟಗಾರರ ಜೊತೆ ಕನೆಕ್ಟ್ ಆಗೋಕೆ ಅಡ್ಡಿ. ರೂಟರಲ್ಲಿ ಯುಪಿಎನ್‌ಪಿ ಆನ್ ಮಾಡು, ಕನ್ಸೋಲಿಗೆ ಬೇಕಾದ ಪೋರ್ಟ್ ತಾನೇ ತೆರೆಯುತ್ತೆ. ಮೋಡೆಮ್ಮೂ ರೂಟರ್ ಥರ ಕೆಲ್ಸ ಮಾಡಿ ಡಬಲ್ ನ್ಯಾಟ್ ಆಗಿದ್ರೆ, ಒಂದನ್ನ ಬ್ರಿಡ್ಜ್ ಮೋಡಿಗೆ ಹಾಕು, ಅದು ರೂಟರ್ ಕೆಲ್ಸ ಬಿಟ್ಟು ಡೇಟಾ ಸುಮ್ನೆ ದಾಟಿಸುತ್ತೆ. ಆಯ್ತಾ? ಆದ್ರೆ ಅವ್ನು ಕೇಳಿದ್ದು ನ್ಯಾಟಲ್ಲ, ಲ್ಯಾಗು! ಲ್ಯಾಗಿಗೆ ಮೊದ್ಲು ಏನು? ಕೇಬಲ್ಲು!

"ಹಳೇ ನಿಂಟೆಂಡೊ ಸ್ವಿಚ್ ಕನ್ಸೋಲಿನ ಡಾಕಲ್ಲಿ (ಟಿವಿಗೆ ಜೋಡಿಸೋ ಸ್ಟ್ಯಾಂಡ್) ಲ್ಯಾನ್ ಪೋರ್ಟೇ ಇಲ್ವಲ್ಲ?" ಯುಎಸ್‌ಬಿ ಲ್ಯಾನ್ ಅಡಾಪ್ಟರ್ ತಗೋ. ಕೇಬಲ್ಲು!

"ವೈರ್ ಎಳೆದ್ರೆ ಮನೆ ಅಂದ ಕೆಡುತ್ತೆ." ನೀನು ಸೋತಾಗ ಕಂಟ್ರೋಲರ್ ಎಸೆದು ಗೋಡೆ ಸುಣ್ಣ ಉದುರಿಸ್ತೀಯಲ್ಲ, ಅದು ಅಂದಾನಾ? ಕೇಬಲ್ಲು!

"ನಂಗೆ ವೈಫೈಲೇ ಸೂಪರಾಗಿದೆ." ರೂಟರ್ ತೊಡೆ ಮೇಲಿಟ್ಕೊಂಡು ಕೂತಿರ್ತೀಯ, ಇರುತ್ತೆ ಬಿಡು.

ಶನಿವಾರ ಲೈವ್ ಬರ್ತೀನಿ. ವೈರ್ ಚುಚ್ಚಿರೋ ಫೋಟೋ ಕಳ್ಸಿದವ್ರಿಗಷ್ಟೇ ಗೇಮ್ ಲಾಬಿಗೆ ಎಂಟ್ರಿ. ತಮ್ಮಾ, ನೀನೂ ಬಾ. ಮೊದ್ಲು ಆ ಬೀರು ಸರ್ಸು.