ಹಲಸಿನ ಮಣೆ ಸೀಳಿತು, ಮತ್ತೆ ಮಾಡ್ತಾ ಇದ್ದೇನೆ

ಕೂರುವ ಮಣೆಗೆ ಹೊಸ ಹಲಸಿನ ಹಲಗೆ ಕೀಸುವುದನ್ನು ನೋಡ್ತಾ ಇರಿ, ಅದರಲ್ಲಿ ಹೇಳುವಂಥದ್ದು ಏನಿಲ್ಲ. ಹುಡಿಯ ಬಣ್ಣ ಮಾತ್ರ ಕ್ಯಾಮೆರಾದಲ್ಲಿ ಸರಿ ಬಂದಿಲ್ಲ. ಎದುರಿಗೆ ನೋಡಿದರೆ ಅರಸಿನದ ಹಾಗೆಯೇ ಇದೆ. ಈ ಹಳದಿ ಉಳಿಯುವುದಿಲ್ಲ, ಬರಬರುತ್ತಾ ಕಂದಾಗುತ್ತದೆ.

ಈಗ ಬರುವುದು ಹಳೆ ಮಣೆ. ಬಿರುಕು ನೋಡಿ. ತುದಿಯಿಂದ ಗಂಟಿನವರೆಗೆ, ಒಂದು ರೂಪಾಯಿ ನಾಣ್ಯ ಸಲೀಸಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ಮಾಡಿದ್ದು. ಅಡಿಗೆ ಎರಡು ಪಟ್ಟಿ ಅಡ್ಡ ಇಟ್ಟು, ಅಂಟು ಬಳಿದು, ಮೇಲಿಂದ ಸ್ಕ್ರೂ ಸಹ ಬಿಗಿದಿದ್ದೆ. ಗಟ್ಟಿ ಇರಲಿ ಅಂತ.

ಮರ ಉದ್ದಕ್ಕೆ ಹೆಚ್ಚುಕಮ್ಮಿ ಆಗುವುದು ಇಲ್ಲವೆನ್ನುವಷ್ಟು ಕಡಿಮೆ. ಆಟವೆಲ್ಲ ಅಗಲದಲ್ಲಿ. ಜೂನ್ ಬಂದರೆ ಉಪ್ಪಿನ ಭರಣಿ ನೀರು ಬಿಡುವ ಊರು ನಮ್ಮದು. ಹಲಗೆ ತೇವ ಕುಡಿದು ಹಿಗ್ಗಿ ಕೂತಿತ್ತು. ಮಾರ್ಚ್ ಬಿಸಿಲಿಗೆ ಕುಗ್ಗಬೇಕು, ಆದರೆ ಪಟ್ಟಿ ಬಿಡಬೇಕಲ್ವಾ? ಪಟ್ಟಿಯ ನಾರು ಆ ದಿಕ್ಕಿಗೇ ಉದ್ದ, ಅದು ಜಗ್ಗುವುದಿಲ್ಲ. ರಾತ್ರಿ ಟಪ್ ಅಂತ ಸದ್ದಾಯಿತು. ಅಮ್ಮ ಬೆಕ್ಕಿಗೆ ಬೈದರು.

ಪಕ್ಕದ ಮನೆಗೆ ಬಾಗಿಲು ಕೂರಿಸಲಿಕ್ಕೆ ಬಂದಿದ್ದ ಆಚಾರ್ರಿಗೆ ತೋರಿಸಿದೆ. "ಅಂಟು ಹಾಕಲಿಕ್ಕೆ ಯಾರು ಹೇಳಿದ್ದು?" ಅಂದರು, ಅಷ್ಟೇ. ಹಳೆ ಕ್ರಮದಲ್ಲಿ ಹಲಗೆಯ ಅಡಿಯಲ್ಲಿ ಬಾಯಿ ಸಣ್ಣ, ಒಳಗೆ ಅಗಲ ಇರುವ ಸಂದು ಕೊರೆದು, ಪಟ್ಟಿಯನ್ನು ಪಕ್ಕದಿಂದ ತೂರಿಸ್ತಾರೆ. ಅಂಟು ಇಲ್ಲ, ಮೊಳೆ ಇಲ್ಲ. ಹಲಗೆ ತನ್ನ ಪಾಡಿಗೆ ಹಿಗ್ಗಲಿ, ಕುಗ್ಗಲಿ. ಅದು ನನ್ನ ಕೈಗೆ ಇನ್ನೂ ಬರುವುದಿಲ್ಲ. ಹಾಗಾಗಿ ಈ ಸಲ ಅಡಿಯಿಂದ ಸ್ಕ್ರೂ. ಪಟ್ಟಿಯ ನಡುವಿನ ತೂತು ಬಿಗಿ, ತುದಿಯ ತೂತುಗಳು ಪಟ್ಟಿಯ ಉದ್ದಕ್ಕೆ ಸ್ವಲ್ಪ ಸೀಳು. ಸ್ಕ್ರೂ ಸರಿಯಲಿಕ್ಕೆ ಜಾಗ ಬೇಕು.

ಮರದ ಮಿಲ್ಲಿನಲ್ಲಿ ಹಲಗೆಯ ಘನ ಅಡಿ ಹೇಗೆ ಲೆಕ್ಕ ಹಾಕ್ತಾರೆ ಅಂತ ಕೇಳಿದ್ರಿ. ಉದ್ದ ಅಡಿಯಲ್ಲಿ, ಅಗಲ ದಪ್ಪ ಇಂಚಿನಲ್ಲಿ, ಗುಣಿಸಿ 144ರಿಂದ ಭಾಗಿಸಿ. 6 ಅಡಿ ಉದ್ದ, 12 ಇಂಚು ಅಗಲ, 1 ಇಂಚು ದಪ್ಪ ಅಂದರೆ ಅರ್ಧ ಘನ ಅಡಿ. ಅಂಚಿನ ಬಿಳಿ ಭಾಗಕ್ಕೂ ದುಡ್ಡು ಕೊಡಬೇಕು. ಹುಳು ಮೊದಲು ತಿನ್ನುವುದು ಅದನ್ನೇ, ಉಳಿಯುವುದು ಕೆಚ್ಚು, ಅಂದರೆ ಒಳಗಿನ ಗಟ್ಟಿ ಭಾಗ. ಇದು ನನಗೆ ಸಿಟ್ಟು ಬರುವ ವಿಷಯ.

ಕಳೆದ ವಿಡಿಯೋದಲ್ಲಿ ತೇಗವೇ ಬೇಕು ಅಂದಿದ್ದೆ. ತೇಗ ಹಿಗ್ಗಿ ಕುಗ್ಗುವುದು ಕಡಿಮೆ, ಅದು ನಿಜ. ಆದರೂ ಮಾತು ವಾಪಸ್, ನಮಗೆ ಹಲಸು ಸಾಕು. ಯಕ್ಷಗಾನದ ಮದ್ದಳೆ ಮಾಡುವವರೂ ಹಲಸನ್ನೇ ಹುಡುಕುವುದು. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು ಕುಂಬಳೆ ಇಲ್ಲೇ ಅಲ್ವಾ, ಯಕ್ಷಗಾನದ ಆಟ ಇದ್ದರೆ ನಾನು ವೇಷ ನೋಡುವುದು ಬಿಟ್ಟು ಮದ್ದಳೆಯವರ ಕೈಯನ್ನೇ... ಅಯ್ಯೋ, ಗಂಟು ಬಂತು. ನೋಡಿ, ಕೀಸುಳಿ ಹಾರಿತು. ಇಂಥ ಗಂಟು ಸಿಕ್ಕಿದಾಗ ಪ್ಲಾಸ್ಟಿಕ್ ಸ್ಟೂಲೇ ವಾಸಿ ಅನಿಸುತ್ತದೆ.

ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಹಚ್ಚಿ ಅಂತ ಕೆಲವರು ಹೇಳಿದ್ದೀರಿ. ಗೆದ್ದಲಿಗೆ ಒಳ್ಳೆಯದು, ಒಪ್ಪಿದೆ. ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಕೂರುವ ಮಣೆಗೆ ಬೇಡವೇ ಬೇಡ. ನಾನು ತಂದದ್ದು ಅಗಸೆ ಎಣ್ಣೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ. ತಾನೇ ಬಿಸಿಯಾಗಿ ಬೆಂಕಿ ಹಿಡಿಯಬಹುದು. ಹರಡಿ ಒಣಗಿಸಿ. ಹಚ್ಚುವುದನ್ನೂ ತೋರಿಸಬೇಕಿತ್ತು, ಕ್ಯಾಮೆರಾದ ಚಾರ್ಜ್ ಇಲ್ಲಿಗೇ ಮುಗಿದಿದೆ.