ಹ್ಯಾವ್ಲಾಕಲ್ಲಿ ಅಡಿಕೆ ಸುಲಿದ ನಮ್ಮತ್ತೆ

ಎಲ್ರಿಗೂ ನಮಸ್ಕಾರ. ಇವತ್ತು ಅಂಡಮಾನ್‌ಗೆ ಹೋಗ್ಬಂದ ಕಥೆ ಹೇಳ್ತೀನಿ, ಅದ್ರಲ್ಲಿ ಮೊದಲ್ನೇ ದಿನ ಅಂಡಮಾನೇ ಇಲ್ಲ ಅನ್ನೋದು ಬೇರೆ ಮಾತು.

ನವೆಂಬರ್ ಕೊನೆ. ನಾನು, ನಮ್ಮನೆಯವ್ರು, ಜೊತೆಗೆ ಸಾಗರದ ಕಡೆ ಹಳ್ಳಿಯಿಂದ ನಮ್ಮತ್ತೆ. "ಅಡಿಕೆ ಕೊನೆ ಕೊಯ್ಲಿನ ಟೈಮಲ್ಲಿ ಯಾರಾದ್ರೂ ಮನೆ ಬಿಟ್ಟು ಹೊರಡ್ತಾರನೇ?" ಅಂತ ಅವರ ಗೊಣಗಾಟ ಏರ್‌ಪೋರ್ಟ್ ತನಕ ನಡೀತು. ನಮ್ಮನೆಯವ್ರು ಐದು ದಿನಕ್ಕೆ ಮೂರು ದ್ವೀಪ ಅಂತ ಗಂಟೆಗಂಟೆಗೂ ಲೆಕ್ಕ ಹಾಕಿ ಎಕ್ಸೆಲ್ ಶೀಟ್ ಮಾಡಿಟ್ಟಿದ್ರು. ಬೆಂಗಳೂರಿಂದ ಎರಡೂವರೆ ಗಂಟೆ ಹಾರಾಟ ಅಷ್ಟೇ, ಆದ್ರೆ ಬಂಗಾಳ ಕೊಲ್ಲೀಲಿ ವಾಯುಭಾರ ಕುಸಿತ ಆಗಿ ನಮ್ಮ ವಿಮಾನ ದ್ವೀಪದ ಮೇಲೆ ಸುತ್ತಿ ಸುತ್ತಿ, ಕೊನೆಗೆ ಇಳಿಯೋಕಾಗಲ್ಲ ಅಂತ ವಾಪಸ್ ಚೆನ್ನೈಗೆ ತಂದು ಇಳಿಸಿಬಿಡ್ತು. ಆ ರಾತ್ರಿ ಚೆನ್ನೈ ಲಾಡ್ಜಲ್ಲಿ ಅತ್ತೆ ತಂದ ಅವಲಕ್ಕಿ, ಚಟ್ನಿಪುಡಿ.

ಮಾರನೇ ದಿನ ಪೋರ್ಟ್‌ಬ್ಲೇರ್ ಸೇರಿದ್ವಿ, ಈಗದು ಶ್ರೀ ವಿಜಯಪುರಂ, 2024ರಲ್ಲಿ ಹೆಸರು ಬದಲಾಯ್ತು. ಜೆಟ್ಟಿಗೆ ಹೋದ್ರೆ ಬೋಟ್ ಎಲ್ಲಾ ಕ್ಯಾನ್ಸಲ್, ಕಡಲು ಕೆಟ್ಟಿದೆ ಅಂದ್ರು. ಸಿಟ್ಟು ಬಂತು ನಿಜ, ಆದ್ರೆ ಬೋಟ್ ಬಿಡಲಿಲ್ಲ ಅಂತ ಬೈಯೋದು ತಪ್ಪು ಕಣ್ರಿ. 2016ರ ಡಿಸೆಂಬರಲ್ಲಿ ಇದೇ ಥರ ಹವಾಮಾನ ಕೆಟ್ಟು ಹ್ಯಾವ್ಲಾಕ್, ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಾಕೊಂಡು, ನೌಕಾಪಡೆ ಹಡಗುಗಳೇ ಹೋಗಿ ಕರ್ಕೊಂಡು ಬರಬೇಕಾಯ್ತು. ನೀವು ಹೋಗೋದಿದ್ರೆ ವಾಪಸ್ ವಿಮಾನದ ಹಿಂದಿನ ರಾತ್ರಿ ಪೋರ್ಟ್‌ಬ್ಲೇರಲ್ಲೇ ಇರೋ ಹಾಗೆ ನೋಡ್ಕೊಳ್ಳಿ, ಬೆಳಗ್ಗೆ ಬೋಟ್ ಮಧ್ಯಾಹ್ನ ವಿಮಾನ ಅನ್ನೋ ಜಾಣತನ ಬೇಡ.

ಮೂರನೇ ದಿನ ಬೋಟ್ ಬಿಟ್ರು. ಹ್ಯಾವ್ಲಾಕಿಗೆ 2018ರಿಂದ ಸ್ವರಾಜ್ ದ್ವೀಪ ಅಂತ ಹೆಸರು, ಜನರ ಬಾಯಲ್ಲಿ ಮಾತ್ರ ಈಗ್ಲೂ ಹ್ಯಾವ್ಲಾಕೇ. ಶೀಟ್ ಪ್ರಕಾರ ಆರು ಗಂಟೆಗೆ ರಾಧಾನಗರ ಬೀಚಲ್ಲಿ ಸೂರ್ಯಾಸ್ತ. ಐದೂವರೆಗೆ ಓಡೋಡಿ ಹೋದ್ರೆ ಅಲ್ಲಿ ಕತ್ತಲು, ಮೊಬೈಲ್ ಟಾರ್ಚ್ ಹಾಕ್ಕೊಂಡು ಸಮುದ್ರ ನೋಡಿ ಬಂದ್ವಿ! ನಮ್ಮ ಗಡಿಯಾರ ಓಡೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಅಂಡಮಾನ್ ಇರೋದು 93ರ ಹತ್ರ, ಡಿಗ್ರಿಗೆ 4 ನಿಮಿಷ ಹಿಡಿದ್ರೂ 40 ನಿಮಿಷ ಸೂರ್ಯ ಮೊದ್ಲೇ ಮನೆಗೆ ಹೋಗಿರ್ತಾನೆ. ಅಲ್ಲಿಗೆ ಎಕ್ಸೆಲ್ ಶೀಟ್ ಕಥೆ ಮುಗೀತು.

ಬೆಳಗ್ಗೆ ಐದೂಕಾಲಿಗೆಲ್ಲ ಬೆಳಕು. ನಾವಿದ್ದಿದ್ದು ವಿಜಯನಗರ ಅನ್ನೋ ಕಡೆ, ಬೀಚ್ ನಂಬರ್ ಐದು ("ಹಂಪಿ ಬಿಟ್ಟು ಇಲ್ಲಿಗ್ಯಾವಾಗ ಬಂತು?" ಅತ್ತೆ ಪ್ರಶ್ನೆ). ನೀರು ಇಳಿದಾಗ ಎಲ್ಲೆಲ್ಲೂ ಸನ್ಯಾಸಿ ಏಡಿಗಳು, ಚಿಪ್ಪು ಹೊತ್ಕೊಂಡು ಓಡಾಡ್ತಾವೆ, ಖಾಲಿ ಅನ್ಕೊಂಡು ಎತ್ತಿದ ಶಂಖಕ್ಕೂ ಕಾಲು ಬರುತ್ತೆ. ನಾನಂತೂ ಅದನ್ನೇ ನೋಡ್ತಾ ಕೂತಿದ್ದೆ. ತಿರುಗಿ ನೋಡಿದ್ರೆ ಅತ್ತೆ ನಾಪತ್ತೆ.

ಎಲ್ಲಿದ್ರು ಅಂತೀರಾ? ಹಿಂದಿನ ಅಡಿಕೆ ತೋಟದಲ್ಲಿ! ದೇಶ ವಿಭಜನೆ ಆದ್ಮೇಲೆ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳನ್ನ ಸರ್ಕಾರ ಈ ದ್ವೀಪದಲ್ಲಿ ನೆಲೆಗೊಳಿಸ್ತು, ಅವರು ತೆಂಗು ಅಡಿಕೆ ಬೆಳೀತಾರೆ. ಅಂಥದ್ದೊಂದು ಮನೆ ಜಗಲೀಲಿ ಮಳೆಗೆ ಒಳಗೆ ತಂದ ಅಡಿಕೆ ರಾಶಿ, ಅದರ ಪಕ್ಕ ಬಂಗಾಳಿ ಅಜ್ಜಿ, ಎದುರಿಗೆ ನಮ್ಮತ್ತೆ. ಅಜ್ಜಿಗೆ ಕನ್ನಡ ಬರಲ್ಲ, ಅತ್ತೆಗೆ ಹಿಂದೀನೂ ಬರಲ್ಲ. "ಶುಪಾರಿ" ಅಂತಾರೆ ಅಜ್ಜಿ, "ಹೌದು, ಅಡಿಕೆ" ಅಂತಾರೆ ಅತ್ತೆ. ಅಲ್ಲಿ ತರಕಾರಿ ಹೆಚ್ಚೋಕೆ ಬೋಟಿ ಅಂತ ಇರುತ್ತೆ, ನಿಂತ ಅಲಗು, ಕಾಲಲ್ಲಿ ಒತ್ತಿ ಹಿಡಿಯೋದು. ಅತ್ತೆ ಅದನ್ನ ಎಳ್ಕೊಂಡು, "ನಮ್ಮ ಅಡಿಕೆ ಸುಲಿಯೋ ಮೆಟ್ಟುಗತ್ತಿನೇ ಇದು ಮಾರಾಯ್ತಿ" ಅಂತ ಕೂತು, ಸರಕ್ ಸರಕ್ ಅಂತ ಎರಡೇ ಸೀಳಿಗೆ ಒಂದು ಹಸಿ ಅಡಿಕೆ ಸುಲಿದು ಅಜ್ಜಿ ಅಂಗೈಗಿಟ್ರು. ಅಜ್ಜಿ ನಗು ಗೇಟಿನವರೆಗೂ ಕೇಳ್ತು.

ಸಂಜೆ ನಮ್ಮನೆಯವ್ರು ಮಾರನೇ ದಿನದ ನೀಲ್ ದ್ವೀಪಕ್ಕೆ ಮೂರು ಟಿಕೆಟ್ ಸಿಕ್ತು ಅಂತ ಕುಣೀತಾ ಬಂದ್ರು. ಅತ್ತೆ ತಲೆ ಎತ್ತದೆ ಹೇಳಿದ್ರು, "ನೀವಿಬ್ರೂ ಹೋಗ್ಬನ್ನಿ. ಇಲ್ಲಿ ಇನ್ನೂ ಎರಡು ಕೊನೆ ಬಾಕಿ ಇದೆ."